ಚೆಂಡು ಯಾರ ಕೈಗೆ?

1968ರ ಸೆಪ್ಟೆಂಬರ್ ತಿಂಗಳ ಕೊನೆಯ ಶನಿವಾರ. ಪಶ್ಚಿಮ ಟೆಕ್ಸಸ್‌ನ ಲಬಕ್ ಊರಿನಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ತಂಡ ಸೋಲಿನ ಹಾದಿ ಹಿಡಿದಿತ್ತು. ಹಿಂದಿನ ವಾರವಷ್ಟೇ ಹೂಸ್ಟನ್ ವಿರುದ್ಧದ ಪಂದ್ಯ 20–20ರಲ್ಲಿ ಸಮವಾಗಿತ್ತು. ಈ ವಾರ ಟೆಕ್ಸಸ್ ಟೆಕ್ ತಂಡ ಮೊದಲಿನಿಂದಲೂ ಮೇಲುಗೈ ಸಾಧಿಸಿತ್ತು. ಕೋಚ್ ಡ್ಯಾರೆಲ್ ರಾಯಲ್ ಅವರು ಬೆಂಚಿನ ಕಡೆ ತಿರುಗಿ, ಲಾಂಗ್‌ವ್ಯೂ ಊರಿನ ಜೇಮ್ಸ್ ಸ್ಟ್ರೀಟ್ ಎಂಬ ಹುಡುಗನನ್ನು ಮೈದಾನಕ್ಕೆ ಕಳಿಸಿದರು. ಹೊರಗೆ ಬಂದವನು ಬಿಲ್ ಬ್ರಾಡ್ಲಿ. ಹೈಸ್ಕೂಲಿನಲ್ಲಿದ್ದಾಗಲೇ ಟೆಕ್ಸಸ್ ರಾಜ್ಯಕ್ಕೆಲ್ಲ ಗೊತ್ತಿದ್ದ ಹೆಸರು, ಜನ ‘ಸೂಪರ್ ಬಿಲ್’ ಎಂದು ಕರೆಯುತ್ತಿದ್ದ ಆಟಗಾರ. ಆ ದಿನ ತಂಡ 31–22ರಿಂದ ಸೋತಿತು. ಆದರೆ ಸ್ಟ್ರೀಟ್ ಮೊದಲಿನಿಂದ ಆಡಿಸಿದ ಮುಂದಿನ 20 ಪಂದ್ಯಗಳಲ್ಲಿ ಟೆಕ್ಸಸ್ ಒಂದನ್ನೂ ಸೋಲಲಿಲ್ಲ.

ಇದು ಅಮೆರಿಕದ ಫುಟ್‌ಬಾಲ್, ನಮ್ಮೂರಿನ ಕಾಲ್ಚೆಂಡಲ್ಲ. ಇಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಈ ಎಸೆತವೇ ಪಾಸ್. ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಪ್ರತಿ ಅವಕಾಶದಲ್ಲೂ ಚೆಂಡು ಮೊದಲು ಬರುವುದು ಒಬ್ಬನ ಕೈಗೆ. ಅವನೇ ಕ್ವಾರ್ಟರ್‌ಬ್ಯಾಕ್. ಎಸೆಯಬೇಕೋ, ಮತ್ತೊಬ್ಬನಿಗೆ ಕೊಡಬೇಕೋ, ತಾನೇ ಹೊತ್ತು ಓಡಬೇಕೋ ಎಂಬುದನ್ನು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ನೂರಿಪ್ಪತ್ತು, ನೂರೈವತ್ತು ಕಿಲೋ ತೂಕದ ಆಳುಗಳು ಅವನ ಮೇಲೆ ಎರಗಿ ಬರುತ್ತಿರುತ್ತಾರೆ. ತಂಡ ಗೆದ್ದರೆ ಹೊಗಳಿಕೆ ಅವನಿಗೆ, ಸೋತರೆ ಬೈಗುಳವೂ ಅವನಿಗೇ.

ವೃತ್ತಿಪರ ತಂಡಗಳು ಆಟಗಾರರಿಗೆ ಸಂಬಳ ಕೊಟ್ಟು ಆಡಿಸುತ್ತವೆ. ಕಾಲೇಜು ತಂಡಗಳು ಬಹುಕಾಲ ಹಾಗೆ ಮಾಡುವಂತಿರಲಿಲ್ಲ. ಹೈಸ್ಕೂಲಿನ ಹದಿನೇಳು ವರ್ಷದ ಹುಡುಗನ ಮನೆಗೆ ಕೋಚ್ ಹೋಗಬೇಕು, ತಾಯಿ ತಂದೆಯ ಎದುರು ಕೂರಬೇಕು, ಸ್ಕಾಲರ್‌ಶಿಪ್ಪಿನ ಮಾತಾಡಬೇಕು, ಅವನನ್ನು ಒಲಿಸಿಕೊಂಡು ಬರಬೇಕು. ಇದಕ್ಕೆ ಅಲ್ಲಿ ರಿಕ್ರೂಟಿಂಗ್ ಎನ್ನುತ್ತಾರೆ. ಯಾರನ್ನು ತಂದರು, ಯಾರನ್ನು ಬಿಟ್ಟರು, ತಂದವನನ್ನು ಸರಿಯಾಗಿ ಆಡಿಸಿದರೇ ಎಂಬ ಚರ್ಚೆ ಅಮೆರಿಕದ ನೂರಾರು ಕಾಲೇಜು ಊರುಗಳಲ್ಲಿ ವರ್ಷವಿಡೀ ನಡೆಯುತ್ತದೆ. ಆಸ್ಟಿನ್‌ನಲ್ಲಂತೂ ಅದಕ್ಕೆ ಎಂಬತ್ತು ವರ್ಷ ದಾಟಿದೆ.

ಆ ಕತೆ ಬಾಬಿ ಲೇನ್‌ನಿಂದ ಶುರುವಾಗುತ್ತದೆ. ಡಲ್ಲಾಸ್‌ನ ಹೈಲ್ಯಾಂಡ್ ಪಾರ್ಕ್ ಹೈಸ್ಕೂಲಿನ ಈ ಹುಡುಗ 1944ರಲ್ಲಿ, ಯುದ್ಧದ ದಿನಗಳಲ್ಲಿ, ಕಾಲೇಜಿಗೆ ಬಂದ ವರ್ಷವೇ ಮೈದಾನಕ್ಕಿಳಿದ. 1946ರ ಜನವರಿ 1ರಂದು, ಋತುವಿನ ಕೊನೆಗೆ ನಡೆಯುವ ಕಾಟನ್ ಬೌಲ್ ಪಂದ್ಯದಲ್ಲಿ ಮಿಸೌರಿಯನ್ನು ಟೆಕ್ಸಸ್ 40–27ರಿಂದ ಸೋಲಿಸಿತು. ಆ 40 ಅಂಕಗಳಲ್ಲಿ ಪ್ರತಿಯೊಂದರಲ್ಲೂ ಲೇನ್‌ನ ಕೈಯೋ ಕಾಲೋ ಇತ್ತು: ಓಡಿ ಗಳಿಸಿದ್ದು, ಎಸೆದು ಗಳಿಸಿಕೊಟ್ಟದ್ದು, ಒದ್ದು ಗಳಿಸಿದ್ದು, ಒಮ್ಮೆ ತಾನೇ ಪಾಸ್ ಹಿಡಿದು ಗಳಿಸಿದ್ದು. ಅಂಥವನನ್ನು ಒಮ್ಮೆ ಕಂಡ ಊರು ಮತ್ತೆ ಮತ್ತೆ ಅಂಥವನನ್ನೇ ಬೇಡತೊಡಗಿದ್ದರಲ್ಲಿ ಅಚ್ಚರಿಯೇನಿಲ್ಲ.

ಆದರೆ ರಾಯಲ್ ಬೇರೆ ಬಗೆಯ ಮನುಷ್ಯ. 1957ರಿಂದ 1976ರವರೆಗೆ ತಂಡವನ್ನು ನಡೆಸಿದ ಅವರಿಗೆ ಪಾಸಿನ ಮೇಲೆ ಅಷ್ಟಾಗಿ ನಂಬಿಕೆ ಇರಲಿಲ್ಲ. 1968ರಲ್ಲಿ ಅವರ ಸಹಾಯಕ ಎಮರಿ ಬೆಲಾರ್ಡ್ ‘ವಿಷ್‌ಬೋನ್’ ಎಂಬ ಹೊಸ ವ್ಯೂಹ ಕಟ್ಟಿದರು. ಕ್ವಾರ್ಟರ್‌ಬ್ಯಾಕ್‌ನ ಹಿಂದೆ ಫುಲ್‌ಬ್ಯಾಕ್ ಎಂಬ ಒಬ್ಬ, ಅವನ ಹಿಂದೆ ಎಡಬಲಕ್ಕೆ ಇಬ್ಬರು. ಮೇಲಿನಿಂದ ನೋಡಿದರೆ ಕೋಳಿಯ ಎದೆಯ ಕವಲು ಮೂಳೆಯ ಹಾಗೆ ಕಾಣುತ್ತಿತ್ತು, ಹೆಸರು ಬಂದದ್ದೂ ಅದರಿಂದಲೇ.

ಅದರ ಒಂದು ಚಲನೆಯನ್ನು ಹತ್ತಿರದಿಂದ ನೋಡಬೇಕು. ಸ್ಟ್ರೀಟ್ ಚೆಂಡು ಹಿಡಿದು ತಿರುಗುತ್ತಾನೆ, ಮುನ್ನುಗ್ಗುತ್ತಿರುವ ಫುಲ್‌ಬ್ಯಾಕ್‌ನ ಹೊಟ್ಟೆಗೆ ಚೆಂಡನ್ನು ಒತ್ತುತ್ತಾನೆ, ಆದರೆ ಇನ್ನೂ ಕೈ ಬಿಟ್ಟಿಲ್ಲ. ಕಣ್ಣು ಮಾತ್ರ ಎದುರಾಳಿಯ ಒಬ್ಬ ರಕ್ಷಕನ ಮೇಲಿದೆ. ಅವನು ಸುಮ್ಮನೆ ನಿಂತರೆ ಚೆಂಡನ್ನು ಫುಲ್‌ಬ್ಯಾಕ್‌ಗೇ ಬಿಡುವುದು. ಅವನು ಫುಲ್‌ಬ್ಯಾಕ್ ಮೇಲೆ ಬಿದ್ದರೆ ಚೆಂಡನ್ನು ಎಳೆದುಕೊಂಡು ಬದಿಗೆ ಓಡುವುದು. ಅಲ್ಲಿ ಇನ್ನೊಬ್ಬ ರಕ್ಷಕ ಅಡ್ಡ ಬಂದರೆ, ಅವನು ಮೈಮೇಲೆ ಬೀಳುವ ಕೊನೆಯ ಗಳಿಗೆಯಲ್ಲಿ, ಹೊರಗೆ ಓಡುತ್ತಿರುವ ಗೆಳೆಯನತ್ತ ಚೆಂಡನ್ನು ಚಿಮ್ಮಿಸುವುದು. ಇದಕ್ಕೆ ಬೇಕಾದದ್ದು ತೋಳಿನ ಬಲಕ್ಕಿಂತ ಹೆಚ್ಚಾಗಿ ಕಣ್ಣು ಮತ್ತು ಧೈರ್ಯ. ಬ್ರಾಡ್ಲಿಗೆ ಕೂಡದ ಈ ಲಯ ಸ್ಟ್ರೀಟ್‌ಗೆ ಕೂಡಿಬಂತು.

1969ರ ಡಿಸೆಂಬರ್ 6ರಂದು ಫೆಯೆಟ್‌ವಿಲ್‌ನಲ್ಲಿ ಆರ್ಕನ್ಸಾ ವಿರುದ್ಧ ಪಂದ್ಯ. ಒಂದನೇ ಮತ್ತು ಎರಡನೇ ರ‍್ಯಾಂಕಿನ ತಂಡಗಳು. ಅಧ್ಯಕ್ಷ ನಿಕ್ಸನ್ ಕೂಡ ನೋಡಲು ಬಂದಿದ್ದರು. ಪಂದ್ಯದ ನಾಲ್ಕು ಭಾಗಗಳಲ್ಲಿ ಮೂರು ಮುಗಿದಾಗ ಟೆಕ್ಸಸ್ 0–14ರಿಂದ ಹಿಂದೆ. ಕೊನೆಯ ಭಾಗದ ಮೊದಲ ಆಟದಲ್ಲೇ ಸ್ಟ್ರೀಟ್ 42 ಗಜ ಓಡಿ, ಎದುರಾಳಿಯ ಕಡೆಯ ಗುರಿಗೆರೆ ದಾಟಿ ಟಚ್‌ಡೌನ್ ಗಳಿಸಿದ, ಹೆಚ್ಚಿನ ಎರಡು ಅಂಕವನ್ನೂ ತಾನೇ ತಂದ. ಇನ್ನು ಐದು ನಿಮಿಷವೂ ಉಳಿಯದಿದ್ದಾಗ ನಾಲ್ಕನೇ ಅವಕಾಶ, ಮೂರು ಗಜ ಬೇಕು. ಪಾಸ್ ಎಂದರೆ ಹಿಂಜರಿಯುತ್ತಿದ್ದ ರಾಯಲ್ ಅವರೇ ದೂರದ ಪಾಸ್‌ಗೆ ಹೇಳಿದರು. ಸ್ಟ್ರೀಟ್ ಎಸೆದ ಚೆಂಡು ಇಬ್ಬರು ರಕ್ಷಕರ ಕೈ ದಾಟಿ ರ‍್ಯಾಂಡಿ ಪೆಶೆಲ್‌ನ ಬೊಗಸೆಗೆ ಬಿತ್ತು. 44 ಗಜ. ಪಂದ್ಯ 15–14, ಆ ವರ್ಷದ ರಾಷ್ಟ್ರೀಯ ಕಿರೀಟವೂ ಟೆಕ್ಸಸ್‌ಗೇ.

ಬೆಂಚಿಗೆ ಹೋದ ಬ್ರಾಡ್ಲಿಯ ಕತೆಯನ್ನು ಮರೆಯುವಂತಿಲ್ಲ. ಅವನು ಮುನಿಸಿಕೊಂಡು ಕಾಲೇಜು ಬಿಡಲಿಲ್ಲ. ಬೇರೆ ಜಾಗಗಳಲ್ಲಿ ಆಡಿ, ಕೊನೆಗೆ ರಕ್ಷಣೆಯ ಸಾಲಿಗೆ ಬಂದು ನಿಂತ. ಅದೇ 1968ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ವಿರುದ್ಧ ಒಂದೇ ಪಂದ್ಯದಲ್ಲಿ ಎದುರಾಳಿಯ ನಾಲ್ಕು ಪಾಸುಗಳನ್ನು ಕಸಿದುಕೊಂಡ. ಮುಂದೆ ಫಿಲಡೆಲ್ಫಿಯಾದ ವೃತ್ತಿಪರ ತಂಡದಲ್ಲಿ 1971 ಮತ್ತು 1972, ಎರಡು ವರ್ಷವೂ ಇಡೀ ಲೀಗಿನಲ್ಲಿ ಅತಿ ಹೆಚ್ಚು ಪಾಸ್ ಕಸಿದವನು ಅವನೇ.

ಸ್ಟ್ರೀಟ್, ಬ್ರಾಡ್ಲಿ ಆಡುತ್ತಿದ್ದ ವರ್ಷಗಳಲ್ಲಿ ಇದೇ ವಿಶ್ವವಿದ್ಯಾಲಯದ ಆವರಣದಲ್ಲಿ ಒಬ್ಬ ಕನ್ನಡಿಗರು ತತ್ವಶಾಸ್ತ್ರ ಪಾಠ ಮಾಡುತ್ತಿದ್ದರು. ಹಾಸನದಲ್ಲಿ ಹುಟ್ಟಿದ, ‘ಕಾಂತಾಪುರ’ ಬರೆದ ರಾಜಾ ರಾವ್ 1966ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯ ಸೇರಿದರು, ನಿವೃತ್ತಿಯ ನಂತರವೂ ಆಸ್ಟಿನ್‌ನಲ್ಲೇ ಉಳಿದರು, 2006ರಲ್ಲಿ ಅಲ್ಲೇ ತೀರಿಕೊಂಡರು. ಇಂದು ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ಆಸ್ಟಿನ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಇದೇ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. ಪಂದ್ಯದ ಶನಿವಾರಗಳಲ್ಲಿ ತಂಡದ ಕಿತ್ತಳೆ ಬಣ್ಣ ತೊಟ್ಟು ನೆರೆಯುವ ಜಾತ್ರೆ ಅವರಿಗೂ ಹೊಸದಲ್ಲ.

ಆದರೆ 1969ರ ಆ ಗೆಲುವಿಗೆ ಅಂಟಿದ ಕಲೆಯೊಂದನ್ನು ಹೇಳಲೇಬೇಕು. ಒಬ್ಬನೂ ಕಪ್ಪು ಆಟಗಾರನಿಲ್ಲದೆ ರಾಷ್ಟ್ರೀಯ ಕಿರೀಟ ಗೆದ್ದ ಕೊನೆಯ ತಂಡ ಅದು. ವಿಶ್ವವಿದ್ಯಾಲಯ 1956ರಲ್ಲೇ ಪದವಿ ತರಗತಿಗಳಿಗೆ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತ್ತು. ಕ್ರೀಡಾ ತಂಡಗಳ ಬಾಗಿಲು ಕಾಗದದ ಮೇಲೆ ತೆರೆದದ್ದು 1963ರಲ್ಲಿ. ಫುಟ್‌ಬಾಲ್ ತಂಡದ ಪರವಾಗಿ ಜೂಲಿಯಸ್ ವಿಟಿಯರ್ ಮೈದಾನಕ್ಕಿಳಿದದ್ದು 1970ರಲ್ಲಿ. ಅಷ್ಟು ವರ್ಷ ಟೆಕ್ಸಸ್‌ನ ಕಪ್ಪು ಹುಡುಗರು ಆಡದೆ ಕೂತಿರಲಿಲ್ಲ. ಅವರ ಶಾಲೆಗಳೇ ಬೇರೆ, ಅವರ ಲೀಗೇ ಬೇರೆ. ಹೂಸ್ಟನ್‌ನ ಕಪ್ಪು ಶಾಲೆಯೊಂದರಲ್ಲಿ ಆಡಿದ ಎಲ್ಡ್ರಿಜ್ ಡಿಕಿ ಟೆನೆಸಿ ಸ್ಟೇಟ್‌ಗೆ ಹೋದ. 1968ರಲ್ಲಿ ಹೊಸ ಆಟಗಾರರ ಆಯ್ಕೆಯಲ್ಲಿ ಓಕ್ಲೆಂಡ್‌ನ ವೃತ್ತಿಪರ ತಂಡ ಅವನನ್ನು ಮೊದಲ ಸುತ್ತಿನಲ್ಲೇ ಆರಿಸಿತು. ಅವನೂ ಕ್ವಾರ್ಟರ್‌ಬ್ಯಾಕೇ. ಬ್ರಾಡ್ಲಿಯೋ ಸ್ಟ್ರೀಟೋ ಎಂದು ಆಸ್ಟಿನ್ ವಾದಿಸುತ್ತಿದ್ದ ವರ್ಷವೇ ಇದು. ಡಿಕಿಯ ಹೆಸರು ಆ ವಾದದಲ್ಲಿ ಬರುವಂತೆಯೇ ಇರಲಿಲ್ಲ. ಟೆಕ್ಸಸ್‌ನ ಕ್ವಾರ್ಟರ್‌ಬ್ಯಾಕ್ ಹುಡುಕಾಟದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಡಾನಿ ಲಿಟಲ್ ಆ ಜಾಗದಲ್ಲಿ ನಿಂತ ಮೊದಲ ಕಪ್ಪು ಹುಡುಗನಾದದ್ದು 1978ರಲ್ಲಿ.

ಅದರ ಹಿಂದಿನ ವರ್ಷ ಅದೃಷ್ಟ ಇನ್ನೊಂದು ರೂಪದಲ್ಲಿ ಬಂದಿತ್ತು. 1977ರ ಅಕ್ಟೋಬರ್‌ನಲ್ಲಿ ಒಕ್ಲಹೋಮ ವಿರುದ್ಧದ ಪಂದ್ಯ ಇನ್ನೂ ಕಾವೇರುವ ಮುಂಚೆಯೇ ಮೊದಲನೇ ಕ್ವಾರ್ಟರ್‌ಬ್ಯಾಕ್ ಗಾಯಗೊಂಡ, ಅವನ ಬದಲಿಗೆ ಬಂದವನೂ ಗಾಯಗೊಂಡ. ಮೂರನೆಯವನಾಗಿ ಬಂದ ರ‍್ಯಾಂಡಿ ಮೆಕೆಚರ್ನ್‌ನನ್ನು ಅದುವರೆಗೆ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಟೆಕ್ಸಸ್ 13–6ರಿಂದ ಗೆದ್ದಿತು. ಅರ್ಲ್ ಕ್ಯಾಂಪ್‌ಬೆಲ್‌ನಂಥ ಓಟಗಾರನ ಬಲದಿಂದ, ಈ ಮೂರನೆಯ ಹುಡುಗನ ಕೈಯಲ್ಲೇ, ತಂಡ ಉಳಿದ ಋತುವಿನ ಪಂದ್ಯಗಳನ್ನೆಲ್ಲ ಗೆದ್ದು ಕಾಟನ್ ಬೌಲ್‌ಗೆ ಹೋಯಿತು. ಸೋತದ್ದು ಅಲ್ಲಿ ನೋಟರ್ ಡೇಮ್‌ಗೆ ಮಾತ್ರ.

ಎಂಬತ್ತರ ದಶಕವನ್ನು ಬೇಗ ದಾಟಬಹುದು. ಆಸ್ಟಿನ್‌ನ ಹಳಬರೂ ಅದನ್ನು ಹೆಚ್ಚು ನೆನೆಯುವುದಿಲ್ಲ. ತೊಂಬತ್ತರಲ್ಲಿ ಬೋಮಾಂಟ್ ಊರಿನ ಜೇಮ್ಸ್ ಬ್ರೌನ್ ಬಂದ. ಅವನಿಗಿಂತ ಹೆಚ್ಚು ಹೆಸರು ಹೊತ್ತು ಬಂದಿದ್ದ ಶೇ ಮೊರೆಂಜ್‌ನನ್ನು ಸರಿಸಿ ಜಾಗ ಹಿಡಿದ. 1996ರ ಡಿಸೆಂಬರ್‌ನಲ್ಲಿ ಬಲಾಢ್ಯ ನೆಬ್ರಾಸ್ಕಾ ವಿರುದ್ಧ ನಾಲ್ಕನೇ ಅವಕಾಶ, ಚೆಂಡು ಇನ್ನೂ ಮೈದಾನದ ತಮ್ಮದೇ ಅರ್ಧದಲ್ಲಿ, ಇಂಚುಗಳ ಲೆಕ್ಕ. ಎಲ್ಲರೂ ಓಟ ನಿರೀಕ್ಷಿಸಿದ್ದಾಗ ಬ್ರೌನ್ ಎಡಕ್ಕೆ ಉರುಳಿದಂತೆ ಓಡಿ ಪಾಸ್ ಎಸೆದ. ಹಿಡಿದವನು 61 ಗಜ ಸಾಗಿದ. ಟೆಕ್ಸಸ್ 37–27ರಿಂದ ಗೆದ್ದಿತು.

ಇಷ್ಟರಲ್ಲಿ ರಿಕ್ರೂಟಿಂಗ್‌ಗೆ ಹೊಸ ಮುಖ ಬಂದಿತ್ತು. ಹೈಸ್ಕೂಲ್ ಹುಡುಗರಿಗೆ ನಕ್ಷತ್ರಗಳ ಲೆಕ್ಕದಲ್ಲಿ ದರ್ಜೆ ಕೊಡುವ ಪತ್ರಿಕೆಗಳು, ಸಂಸ್ಥೆಗಳು ಹುಟ್ಟಿದ್ದವು. ಯಾವ ಕಾಲೇಜಿಗೆ ಎಷ್ಟು ಐದು ನಕ್ಷತ್ರದ ಹುಡುಗರು ಎಂಬುದೇ ಒಂದು ಪಂದ್ಯವಾಯಿತು. ಕೋಚ್ ಮ್ಯಾಕ್ ಬ್ರೌನ್ ಅವರು ನ್ಯೂಜೆರ್ಸಿಯಿಂದ ಕ್ರಿಸ್ ಸಿಮ್ಸ್‌ನನ್ನು ಕರೆತಂದಾಗ ಅದು ದೇಶಕ್ಕೇ ಸುದ್ದಿ. ವೃತ್ತಿಪರ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ ಫಿಲ್ ಸಿಮ್ಸ್ ಅವರ ಮಗ, ಎತ್ತರದ ಮೈಕಟ್ಟು, ಎಡಗೈಯ ಬಲವಾದ ಎಸೆತ. ಅದೇ ತಂಡದಲ್ಲಿ ಮೇಜರ್ ಆ್ಯಪಲ್‌ವೈಟ್ ಇದ್ದ. ಬ್ಯಾಟನ್ ರೂಜ್‌ನ ಸಣ್ಣಾಳು, ತೋಳಿನಲ್ಲಿ ಅಂಥ ವಿಶೇಷವಿಲ್ಲ, ಆದರೆ ಅದಾಗಲೇ ಗೆದ್ದು ತೋರಿಸಿದವನು. ಎರಡು ವರ್ಷ ಊರು ಇಬ್ಭಾಗವಾಗಿತ್ತು.

2001ರ ಡಿಸೆಂಬರ್ 1ರಂದು ಕೊಲರಾಡೊ ವಿರುದ್ಧ ಬಿಗ್ 12 ಎಂಬ ಕಾಲೇಜು ಲೀಗಿನ ಅಂತಿಮ ಪಂದ್ಯ. ಗೆದ್ದಿದ್ದರೆ ರಾಷ್ಟ್ರೀಯ ಕಿರೀಟದ ಪಂದ್ಯಕ್ಕೆ ದಾರಿ ತೆರೆಯುತ್ತಿತ್ತು. ಸಿಮ್ಸ್ ಮೂರು ಪಾಸುಗಳನ್ನು ಎದುರಾಳಿಯ ಕೈಗಿತ್ತ. ಅವನ ಬದಲಿಗೆ ಬಂದ ಆ್ಯಪಲ್‌ವೈಟ್ 79 ಗಜದ ಟಚ್‌ಡೌನ್ ಪಾಸ್ ಎಸೆದು ಆಟವನ್ನು ಮತ್ತೆ ಹಿಡಿತಕ್ಕೆ ತಂದ. ಆದರೂ 37–39ರ ಸೋಲು. ತಿಂಗಳ ಕೊನೆಗೆ ಹಾಲಿಡೇ ಬೌಲ್‌ನಲ್ಲಿ, ತನ್ನ ಕಾಲೇಜು ಬದುಕಿನ ಕೊನೆಯ ಪಂದ್ಯದಲ್ಲಿ, ಆ್ಯಪಲ್‌ವೈಟ್ 473 ಗಜ ಎಸೆದು ವಾಷಿಂಗ್ಟನ್ ವಿರುದ್ಧ 47–43ರ ಗೆಲುವು ತಂದ. ನಕ್ಷತ್ರ ನೋಡಿ ಆಡಿಸುವುದೋ ಆಟ ನೋಡಿ ಆಡಿಸುವುದೋ ಎಂಬ ಪ್ರಶ್ನೆಗೆ ಆ ಎರಡು ಪಂದ್ಯಗಳ ಅಂಕಪಟ್ಟಿಯೇ ಸಾಕು.

ಹಾಗೆಂದು ನಕ್ಷತ್ರದ ಹುಡುಗರೆಲ್ಲ ಹುಸಿ ಎನ್ನುವಂತಿಲ್ಲ. ಹೂಸ್ಟನ್‌ನ ವಿನ್ಸ್ ಯಂಗ್ 2002ರಲ್ಲಿ ದೇಶದ ಮೊದಲ ದರ್ಜೆಯ ಹುಡುಗನಾಗಿಯೇ ಬಂದ. ಮೊದಲ ವರ್ಷ ಕೂತ. ಎರಡನೇ ವರ್ಷ ಚಾನ್ಸ್ ಮಾಕ್ ಜೊತೆ ಸರದಿಯಲ್ಲಿ ಆಡಿದ. ಮೂರನೇ ವರ್ಷ, 2004ರ ಅಕ್ಟೋಬರ್‌ನಲ್ಲಿ, ಒಕ್ಲಹೋಮ ವಿರುದ್ಧ ತಂಡ 0–12ರಿಂದ ಸೋತಾಗ ಅವನ ಎಸೆತದ ಶೈಲಿಯೇ ಸರಿಯಿಲ್ಲ, ಬೇರೆ ಜಾಗಕ್ಕೆ ಹಾಕಿ ಎಂಬ ಕೂಗು ಎದ್ದಿತು. ಮ್ಯಾಕ್ ಬ್ರೌನ್ ಕಿವಿಗೊಡಲಿಲ್ಲ. ಅವನ ಎಸೆತವನ್ನು ತಿದ್ದುವ ಬದಲು ಆಟವನ್ನೇ ಅವನಿಗೆ ಹೊಂದಿಸಿದರು. ಆ ಸೋಲಿನ ನಂತರ ಯಂಗ್ ಕಾಲೇಜು ಬಿಡುವವರೆಗೆ ತಂಡ ಸೋಲಲೇ ಇಲ್ಲ: ಸ್ಟ್ರೀಟ್‌ನ ಹಾಗೆಯೇ ಸತತ 20 ಗೆಲುವು.

ಇಪ್ಪತ್ತನೆಯದು 2006ರ ಜನವರಿ 4ರ ರೋಸ್ ಬೌಲ್, 2005ರ ಋತುವಿನ ರಾಷ್ಟ್ರೀಯ ಕಿರೀಟದ ಪಂದ್ಯ. ಎದುರಿಗೆ ಸತತ 34 ಪಂದ್ಯ ಗೆದ್ದು ಬಂದಿದ್ದ ಸದರ್ನ್ ಕ್ಯಾಲಿಫೋರ್ನಿಯ. ಏಳು ನಿಮಿಷಕ್ಕಿಂತ ಕಡಿಮೆ ಉಳಿದಾಗ ಟೆಕ್ಸಸ್ 26–38ರಿಂದ ಹಿಂದೆ. ಯಂಗ್ ಒಂದು ಟಚ್‌ಡೌನ್ ಓಡಿದ. ರಕ್ಷಕರು ಎದುರಾಳಿಯನ್ನು ತಡೆದು ಚೆಂಡು ಮರಳಿ ತಂದರು. ಕೊನೆಗೆ ನಾಲ್ಕನೇ ಅವಕಾಶ, ಐದು ಗಜ ಬೇಕು, ಗೆರೆ ಎಂಟು ಗಜ ದೂರ. ಯಂಗ್ ಹಿಂದೆ ಸರಿದ, ಪಾಸ್‌ಗೆ ಯಾರೂ ಸಿಗಲಿಲ್ಲ, ಬಲಕ್ಕೆ ತಿರುಗಿ ಮೂಲೆಯತ್ತ ಓಡಿದ. ಯಾರೂ ಅವನನ್ನು ಮುಟ್ಟಲಿಲ್ಲ. ಗಡಿಯಾರದಲ್ಲಿ ಉಳಿದದ್ದು 19 ಸೆಕೆಂಡು. 41–38. ಆ ರಾತ್ರಿ ಅವನೊಬ್ಬನೇ 267 ಗಜ ಎಸೆದಿದ್ದ, 200 ಗಜ ಓಡಿದ್ದ.

ಅವನ ನಂತರ ಬಂದದ್ದು ಟಸ್ಕೋಲ ಎಂಬ ಪುಟ್ಟ ಊರಿನ ಕೋಲ್ಟ್ ಮೆಕಾಯ್. ಟೆಕ್ಸಸ್ ಹೆಚ್ಚು ಆಸೆಪಟ್ಟಿದ್ದ ಲೂಸಿಯಾನದ ಹುಡುಗನೊಬ್ಬ ಕೊನೇ ಗಳಿಗೆಯಲ್ಲಿ ತನ್ನದೇ ರಾಜ್ಯದ ಎಲ್‌ಎಸ್‌ಯು ಕಾಲೇಜಿಗೆ ಹೋಗಿದ್ದ, ಉಳಿದವನು ಮೆಕಾಯ್. ಒಂದು ವರ್ಷ ಯಂಗ್‌ನ ಹಿಂದೆ ನಿಂತು ನೋಡಿದ, ಆಮೇಲೆ ನಾಲ್ಕು ವರ್ಷದಲ್ಲಿ 45 ಪಂದ್ಯ ಗೆಲ್ಲಿಸಿದ. ಆ ಮೊದಲು ಯಾವ ಕಾಲೇಜು ಕ್ವಾರ್ಟರ್‌ಬ್ಯಾಕೂ ಅಷ್ಟು ಗೆದ್ದಿರಲಿಲ್ಲ. 2010ರ ಜನವರಿ 7ರಂದು ಅಲಬಾಮ ವಿರುದ್ಧದ ಕಿರೀಟದ ಪಂದ್ಯದಲ್ಲಿ ಐದನೇ ಆಟಕ್ಕೇ ಅವನ ಬಲಭುಜ ಮರಗಟ್ಟಿತು. ಹೊಸಬ ಗ್ಯಾರೆಟ್ ಗಿಲ್ಬರ್ಟ್ ಬಂದ, 21–37ರ ಸೋಲು.

ಅಲ್ಲಿಂದ ಬರಗಾಲ. ಮುಂದಿನ ಋತುವಿನಲ್ಲಿ ಗಿಲ್ಬರ್ಟ್ 17 ಪಾಸುಗಳನ್ನು ಎದುರಾಳಿಗೆ ಕೊಟ್ಟ. ತಂಡ 5 ಗೆದ್ದು 7 ಸೋತಿತು. ಅವನು ಬೇರೆ ಕಾಲೇಜಿಗೆ ಹೋದ. ಡೇವಿಡ್ ಆ್ಯಶ್ ತಲೆಗೆ ಬಿದ್ದ ಪೆಟ್ಟುಗಳಿಂದ ಆಟವನ್ನೇ ಬಿಟ್ಟ. ಟೈರೋನ್ ಸ್ವೂಪ್ಸ್, ಜೆರಾಡ್ ಹರ್ಡ್, ಶೇನ್ ಬುಶೆಲ್: ವರ್ಷಕ್ಕೊಂದು ಹೆಸರು. ಹರ್ಡ್ 2015ರಲ್ಲಿ ಕ್ಯಾಲಿಫೋರ್ನಿಯ ವಿರುದ್ಧ 527 ಗಜ ಗಳಿಸಿ ಯಂಗ್‌ನ ದಾಖಲೆ ಮುರಿದ. ಆ ಪಂದ್ಯವನ್ನೂ ತಂಡ ಒಂದೇ ಅಂಕದಿಂದ ಸೋತಿತು. ಸ್ವಲ್ಪ ದಿನದಲ್ಲೇ ಹರ್ಡ್ ಕೂಡ ಆ ಜಾಗ ಕಳೆದುಕೊಂಡ.

ನೋವಿನ ಸಂಗತಿ ಎಂದರೆ ಇದೇ ಹೊತ್ತಿನಲ್ಲಿ ಟೆಕ್ಸಸ್ ರಾಜ್ಯ ಹಿಂದೆಂದೂ ಇಲ್ಲದಷ್ಟು ಕ್ವಾರ್ಟರ್‌ಬ್ಯಾಕ್‌ಗಳನ್ನು ಬೆಳೆಸುತ್ತಿತ್ತು. ಹೈಸ್ಕೂಲುಗಳು ಮೈದಾನದ ಅಗಲಕ್ಕೂ ಆಟಗಾರರನ್ನು ಹರಡಿ ಪಾಸ್ ಆಡುವ ಪದ್ಧತಿಗೆ ತಿರುಗಿದ್ದವು. ತೊಂಬತ್ತರ ದಶಕದ ಕೊನೆಯಿಂದ ಬೇಸಿಗೆ ರಜೆಯಲ್ಲೂ ಏಳೇಳು ಜನರ ಪಾಸ್ ಪಂದ್ಯಾವಳಿಗಳು ನಡೆಯುತ್ತಿದ್ದವು. ಹುಡುಗರು ವರ್ಷವಿಡೀ ಎಸೆದು ಪಳಗಿದರು. ಆ ಫಸಲು ಹೋದದ್ದು ಬೇರೆಯವರ ಕಣಜಕ್ಕೆ. ಕಾಪರಸ್ ಕೋವ್‌ನ ರಾಬರ್ಟ್ ಗ್ರಿಫಿನ್ 2011ರಲ್ಲಿ ಬೇಲರ್ ಪರ ಆಡಿ, ಕಾಲೇಜು ಫುಟ್‌ಬಾಲಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಗೆದ್ದ. ಕರ್ವಿಲ್‌ನ ಜಾನಿ ಮ್ಯಾನ್ಜೆಲ್ 2012ರಲ್ಲಿ ಎ ಆ್ಯಂಡ್ ಎಂ ಪರ ಗೆದ್ದ. ಆ್ಯಂಡ್ರೂ ಲಕ್ ಸ್ಟ್ಯಾನ್‌ಫರ್ಡ್‌ಗೆ, ಪ್ಯಾಟ್ರಿಕ್ ಮಹೋಮ್ಸ್ ಟೆಕ್ಸಸ್ ಟೆಕ್‌ಗೆ, ಜೇಲನ್ ಹರ್ಟ್ಸ್ ಅಲಬಾಮಕ್ಕೆ ಹೋದರು. ಎಲ್ಲರೂ ಇದೇ ರಾಜ್ಯದ ಹುಡುಗರು.

ಆಸ್ಟಿನ್‌ನ ಮನೆಬಾಗಿಲಿನ ಕತೆ ಇನ್ನೂ ಕಹಿ. ಊರ ಪಶ್ಚಿಮ ಅಂಚಿನ ವೆಸ್ಟ್‌ಲೇಕ್ ಹೈಸ್ಕೂಲಿನಿಂದ ವಿಶ್ವವಿದ್ಯಾಲಯದ ಮೈದಾನಕ್ಕೆ ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಆ ಶಾಲೆಯ ಡ್ರೂ ಬ್ರೀಸ್ 1996ರಲ್ಲಿ ಒಂದೂ ಪಂದ್ಯ ಸೋಲದೆ ರಾಜ್ಯದ ಕಿರೀಟ ಗೆದ್ದ. ಎತ್ತರ ಸಾಲದು ಎಂದರು. ಅದರ ಮೇಲೆ ಹಿಂದಿನ ವರ್ಷದ ಮೊಣಕಾಲಿನ ಗಾಯ. ಅವನು ದೂರದ ಪರ್ಡ್ಯೂಗೆ ಹೋದ. ಅದೇ ಶಾಲೆಯ ನಿಕ್ ಫೋಲ್ಸ್ ಮಿಶಿಗನ್ ಸ್ಟೇಟ್‌ಗೆ ಹೋಗಿ, ಅಲ್ಲಿಂದ ಅರಿಝೋನಕ್ಕೆ ಹೋದ. ಇಬ್ಬರೂ ಮುಂದೆ ಸೂಪರ್ ಬೌಲ್ ಗೆದ್ದು ಆ ಪಂದ್ಯಗಳ ಶ್ರೇಷ್ಠ ಆಟಗಾರರೆನಿಸಿದರು. ಪಕ್ಕದ ಲೇಕ್ ಟ್ರಾವಿಸ್ ಶಾಲೆಯ ಬೇಕರ್ ಮೇಫೀಲ್ಡ್ ಟೆಕ್ಸಸ್ ಟೆಕ್‌ನಲ್ಲೂ ಒಕ್ಲಹೋಮದಲ್ಲೂ ಸ್ಕಾಲರ್‌ಶಿಪ್ ಇಲ್ಲದೆ ತಂಡದ ಬಾಗಿಲು ತಟ್ಟಿದ. 2017ರ ಹೈಸ್ಮನ್ ಅವನ ಪಾಲಾಯಿತು. ವೆಸ್ಟ್‌ಲೇಕ್‌ನಿಂದ ಟೆಕ್ಸಸ್ ಕೊನೆಗೂ ಮನೆಗೆ ಕರೆದುಕೊಂಡವನು ಸ್ಯಾಮ್ ಎಲಿಂಗರ್. 2017ರಿಂದ ನಾಲ್ಕು ವರ್ಷ ಮೈಮುರಿದು ಆಡಿದ, 2019ರ ಜನವರಿ 1ರಂದು ಶುಗರ್ ಬೌಲ್‌ನಲ್ಲಿ ಜಾರ್ಜಿಯವನ್ನು 28–21ರಿಂದ ಸೋಲಿಸಿದ. ಮಸುಕಾಗಿದ್ದ ಊರಿಗೆ ಅವನು ಮತ್ತೆ ಬೆಳಕು ತಂದ.

2021ರಲ್ಲಿ ಆಟದ ನಿಯಮವೇ ಬದಲಾಯಿತು. ಆಟಗಾರ ಒಮ್ಮೆ ಕಾಲೇಜು ಬದಲಿಸಿದರೆ ಒಂದು ವರ್ಷ ಕೂರಬೇಕಿದ್ದ ಹಳೆಯ ಕಟ್ಟಳೆ ಹೋಯಿತು. ಜುಲೈ 1ರಿಂದ ತನ್ನ ಹೆಸರು, ಚಿತ್ರ ಬಳಸಿ ಹಣ ಮಾಡಲು ಆಟಗಾರನಿಗೆ ಅನುಮತಿ ಸಿಕ್ಕಿತು. ಕೋಟಿಗಟ್ಟಲೆ ಗಳಿಸುವ ಆಟದಲ್ಲಿ ಆಡುವವನಿಗೂ ಪಾಲು ಬಂದದ್ದು ನ್ಯಾಯವೇ. ಆದರೆ ಕಾಯುವ ಅಭ್ಯಾಸ ಅದರೊಂದಿಗೆ ಹೋಯಿತು. ಸೌತ್‌ಲೇಕ್ ಊರಿನ ಕ್ವಿನ್ ಯೂವರ್ಸ್‌ನ ಉದಾಹರಣೆ ನೋಡಿ. ಟೆಕ್ಸಸ್ ಕಾನೂನು ಹೈಸ್ಕೂಲ್ ಹುಡುಗರಿಗೆ ಅಂಥ ಗಳಿಕೆ ಒಪ್ಪುತ್ತಿರಲಿಲ್ಲ. ಅವನು ಹೈಸ್ಕೂಲಿನ ಕೊನೆಯ ವರ್ಷವನ್ನೇ ಬಿಟ್ಟು ಒಹಾಯೊ ಸ್ಟೇಟ್‌ಗೆ ಹೋದ. ಅಲ್ಲಿ ಆಡಿದ್ದು ಎರಡೇ ಆಟ. ಎರಡರಲ್ಲೂ ಚೆಂಡನ್ನು ಇನ್ನೊಬ್ಬನ ಕೈಗೆ ಕೊಟ್ಟದ್ದಷ್ಟೇ. ಡಿಸೆಂಬರ್‌ಗೆ ಆಸ್ಟಿನ್‌ಗೆ ಬಂದ. ಕೋಚ್ ಸ್ಟೀವ್ ಸಾರ್ಕೀಸಿಯನ್ ಅವರ ತಂಡವನ್ನು 2023ರಲ್ಲೂ 2024ರಲ್ಲೂ ರಾಷ್ಟ್ರೀಯ ಸೆಮಿಫೈನಲ್‌ಗೆ ಒಯ್ದ. ಆದರೂ 2024ರ ಅಕ್ಟೋಬರ್‌ನಲ್ಲಿ ಜಾರ್ಜಿಯ ವಿರುದ್ಧ ತಡವರಿಸಿದಾಗ ಅವನನ್ನು ಸ್ವಲ್ಪ ಹೊತ್ತು ಕೂರಿಸಿ, ಬೆಂಚಿನಲ್ಲಿದ್ದ ಆರ್ಚ್ ಮ್ಯಾನಿಂಗ್‌ನನ್ನು ಮೈದಾನಕ್ಕೆ ಇಳಿಸಿದರು.

ಮ್ಯಾನಿಂಗ್ ಮನೆತನ ಕ್ವಾರ್ಟರ್‌ಬ್ಯಾಕ್‌ಗಳ ಮನೆತನ. ಅಜ್ಜ ಆರ್ಚಿ, ಚಿಕ್ಕಪ್ಪಂದಿರು ಪೇಟನ್ ಮತ್ತು ಈಲೈ. ನ್ಯೂ ಆರ್ಲಿಯನ್ಸ್‌ನಿಂದ ಬಂದ ಆರ್ಚ್ ಮನಸ್ಸು ಮಾಡಿದ್ದರೆ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಎರಡು ಋತು ಬಹುಪಾಲು ಬೆಂಚಿನಲ್ಲಿ ಕೂತ. ಋತು ಶುರುವಾಗುವ ಮೊದಲು ಎಪಿ ಸುದ್ದಿಸಂಸ್ಥೆ ಪ್ರಕಟಿಸುವ ಪಟ್ಟಿಯಲ್ಲಿ, 2025ರಲ್ಲಿ ಟೆಕ್ಸಸ್ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದನೇ ಸ್ಥಾನದಲ್ಲಿತ್ತು. ಆಗಸ್ಟ್ 30ರಂದು ಕೊಲಂಬಸ್‌ನಲ್ಲಿ ಒಹಾಯೊ ಸ್ಟೇಟ್ ವಿರುದ್ಧ 7–14ರ ಸೋಲು. ಮ್ಯಾನಿಂಗ್‌ನ ಹಲವು ಪಾಸುಗಳು ಗುರಿ ತಪ್ಪಿದವು. ಅಕ್ಟೋಬರ್‌ನಲ್ಲಿ ಫ್ಲಾರಿಡ ವಿರುದ್ಧ ಇನ್ನೊಂದು ಸೋಲು. ಹಳೆಯ ವಾದ ಮತ್ತೆ ಎದ್ದು ನಿಂತಿತು. ನವೆಂಬರ್ ಕೊನೆಯಲ್ಲಿ ಅದೇ ಹುಡುಗ, ಅದುವರೆಗೆ ಸೋಲೇ ಕಾಣದ ಎ ಆ್ಯಂಡ್ ಎಂ ತಂಡವನ್ನು 27–17ರಿಂದ ಸೋಲಿಸಿದ.

ಟೆಕ್ಸಸ್ ಇದುವರೆಗೆ ನಾಲ್ಕು ರಾಷ್ಟ್ರೀಯ ಕಿರೀಟಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ: 1963, 1969, 1970, 2005. ಅವುಗಳ ಕ್ವಾರ್ಟರ್‌ಬ್ಯಾಕ್‌ಗಳು ಡ್ಯೂಕ್ ಕಾರ್ಲೈಲ್, ಜೇಮ್ಸ್ ಸ್ಟ್ರೀಟ್, ಎಡಿ ಫಿಲಿಪ್ಸ್, ವಿನ್ಸ್ ಯಂಗ್. ಈ ನಾಲ್ವರಲ್ಲಿ ದೇಶದ ಒಂದನೇ ದರ್ಜೆಯ ಹುಡುಗ ಎನ್ನಿಸಿಕೊಂಡು ಬಂದವನು ಯಂಗ್ ಒಬ್ಬನೇ. ಅವನಿಗೂ ಕಿರೀಟ ಸಿಕ್ಕಿದ್ದು ಕಾಲೇಜಿಗೆ ಬಂದ ನಾಲ್ಕನೇ ವರ್ಷದಲ್ಲಿ.